ಗಡೀಪಾರಾಗದ ಬದನೆಕಾಯಿ

ಸ್ಪೇನಿನ ಕೊರ್ಡೋವಾ ನಗರದ ದೊಡ್ಡ ಮಸೀದಿಯ ಸುತ್ತಲಿನ ಇಕ್ಕಟ್ಟಾದ ಓಣಿಗಳಲ್ಲಿ ‘ತಾಬೆರ್ನಾ’ ಎಂದು ಕರೆಯಲ್ಪಡುವ ಹಳೆಯ ಊಟದ ಮನೆಗಳಿವೆ. ಸುಣ್ಣ ಬಳಿದ ದಪ್ಪ ಗೋಡೆ, ನಡುವೆ ತೆರೆದ ಅಂಗಳ, ಅಂಗಳದ ಗೋಡೆಗೆ ತೂಗುಹಾಕಿದ ಹೂಕುಂಡಗಳು. ನಮ್ಮ ಕಡೆಯ ತೊಟ್ಟಿಮನೆಗಳನ್ನು ಕಂಡವರಿಗೆ ಇದು ತೀರಾ ಅಪರಿಚಿತ ಎನಿಸದು. ಮಧ್ಯಾಹ್ನ ಎರಡು ಗಂಟೆಗೆ ಮೊದಲು ಇಲ್ಲಿ ಊಟಕ್ಕೆ ಕೂರುವವರು ಪ್ರವಾಸಿಗರು ಮಾತ್ರ. ಊರವರು ಬರುವುದು ಆ ಬಳಿಕ. ಮೊದಲು ಬ್ರೆಡ್ಡು ಮತ್ತು ಆಲಿವ್ ಎಣ್ಣೆ ಬರುತ್ತದೆ. ಆಮೇಲೆ ಊರಿನ ವಿಶೇಷಗಳು. ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿಗಳನ್ನು ಎಣ್ಣೆ ಹಾಕಿ ನುಣ್ಣಗೆ ಅರೆದ, ತಣ್ಣಗೆ ಬಡಿಸುವ ‘ಸಾಲ್ಮೊರೆಹೊ’. ಗಂಟೆಗಟ್ಟಲೆ ಬೇಯಿಸಿದ ಗೂಳಿ ಬಾಲದ ಸಾರು. ತೆಳ್ಳಗೆ ಹೆಚ್ಚಿ, ಹಿಟ್ಟು ಸವರಿ, ಎಣ್ಣೆಯಲ್ಲಿ ಕರಿದ ಬದನೆಕಾಯಿ. ಅದರ ಮೇಲೆ ಕಪ್ಪಗಿನ ಕಬ್ಬಿನ ಪಾಕ. ತಿನ್ನುತ್ತಾ ತಲೆಯೆತ್ತಿದರೆ ತೊಲೆಗಳಿಂದ ಸಾಲಾಗಿ ನೇತಾಡುತ್ತಿರುವ, ಉಪ್ಪು ಸವರಿ ಒಣಗಿಸಿದ ಹಂದಿಯ ತೊಡೆಗಳು ಕಾಣುತ್ತವೆ.

ಕೆಳಗೆ ತಟ್ಟೆಯಲ್ಲಿರುವ ಬದನೆಕಾಯಿ ಮತ್ತು ಮೇಲೆ ನೇತಾಡುವ ಹಂದಿ ತೊಡೆ, ಇವೆರಡರ ನಡುವೆ ಸ್ಪೇನಿನ ಒಂಬೈನೂರು ವರ್ಷಗಳ ಚರಿತ್ರೆಯಿದೆ ಎಂದರೆ ಅತಿಶಯೋಕ್ತಿಯಾಗದು.

ಅಂದಲೂಸಿನ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಅಲ್‌ಹಂಬ್ರಾದ ಕಂಬಗಳು, ಖಲೀಫರ ಗ್ರಂಥಾಲಯದ ಪುಸ್ತಕಗಳ ಲೆಕ್ಕ, ಕೊನೆಯ ಸುಲ್ತಾನನ ಕಣ್ಣೀರು, ಇಷ್ಟರಲ್ಲಿ ಮುಗಿದುಬಿಡುತ್ತವೆ. ಅಲ್ಲಿ ಬದುಕಿದ ಸಾಮಾನ್ಯ ಜನ ಏನು ಬೆಳೆದರು, ಏನು ಉಂಡರು, ಉಂಡದ್ದಕ್ಕಾಗಿ ಏನನ್ನು ಅನುಭವಿಸಿದರು ಎಂಬುದರ ಕಡೆಗೆ ಗಮನ ಹೋಗುವುದು ಕಡಿಮೆ. ಈ ಸಲ ನಾವು ಅಡುಗೆ ಮನೆಯ ಬಾಗಿಲಿನಿಂದಲೇ ಒಳಗೆ ಹೋಗೋಣ.

ಹೋಟೆಲಿನ ಪಟ್ಟಿಯನ್ನೇ ತೆಗೆದುಕೊಳ್ಳಿ. ಎಣ್ಣೆಗೆ ಸ್ಪ್ಯಾನಿಷ್‌ನಲ್ಲಿ ‘ಅಸೇಯ್ತೆ’ ಎನ್ನುತ್ತಾರೆ. ಅದು ಅರಬಿಯ ‘ಅಝ್ಝೈತ್’. ಅಕ್ಕಿ ‘ಅರ್ರೋಸ್’, ಅದು ‘ಅರ್ರುಝ್’. ಸಕ್ಕರೆ ‘ಅಸೂಕಾರ್’, ಕೇಸರಿ ‘ಅಸಾಫ್ರಾನ್’. ಮಾಂಸದ ಉಂಡೆಗಳಿಗೆ ‘ಅಲ್ಬೊಂದಿಗಾಸ್’ ಎಂಬ ಹೆಸರು. ಅರಬಿಯಲ್ಲಿ ‘ಬುಂದುಕಾ’ ಎಂದರೆ ಹೇಝಲ್ ಎಂಬ ಒಂದು ಬಗೆಯ ದುಂಡನೆಯ ಬೀಜ. ಅದರಿಂದ ಉಂಡೆಗೆ ಆ ಹೆಸರು. ವಿನೆಗರ್‌ನಲ್ಲಿ ನೆನೆಸಿಟ್ಟ ಮೀನು ‘ಎಸ್ಕಬೇಚೆ’. ಬಗ್ದಾದಿನ ಅಬ್ಬಾಸಿ ಖಲೀಫರ ಊಟದಲ್ಲಿದ್ದ ‘ಸಿಕ್‌ಬಾಜ್’ ಎಂಬ ಪರ್ಷಿಯನ್ ಹುಳಿ ಪದಾರ್ಥದ ವಂಶಜ ಇದು. ಇಲ್ಲೊಂದು ಸ್ವಾರಸ್ಯವಿದೆ. ಆಲಿವ್ ಮರಕ್ಕೆ ಸ್ಪ್ಯಾನಿಷ್‌ನಲ್ಲಿ ಲ್ಯಾಟಿನ್ ಮೂಲದ ‘ಒಲಿವೊ’ ಎಂಬ ಹೆಸರೇ ಉಳಿದಿದೆ. ಆದರೆ ಅದರ ಕಾಯಿಗೂ ಎಣ್ಣೆಗೂ ಅರಬಿ ಹೆಸರು. ಮರ ರೋಮನ್ನರದ್ದು, ಎಣ್ಣೆ ಅರಬರದ್ದು ಎಂಬಂತೆ!

ಹಾಗೆಂದು ಸ್ಪೇನಿಗೆ ಎಲ್ಲವನ್ನೂ ಮುಸ್ಲಿಮರೇ ತಂದರು ಎಂದು ಬೀಗುವ ಅಗತ್ಯವಿಲ್ಲ. ಅರಬರು ಬರುವ ಎಷ್ಟೋ ಶತಮಾನಗಳ ಹಿಂದೆಯೇ ಈ ಪ್ರದೇಶದ ಆಲಿವ್ ಎಣ್ಣೆ ಹಡಗುಗಳಲ್ಲಿ ರೋಮ್ ನಗರಕ್ಕೆ ಹೋಗುತ್ತಿತ್ತು. ಎಣ್ಣೆ ತುಂಬಿ ಬಂದ ಮಣ್ಣಿನ ಹರವಿಗಳನ್ನು ಒಡೆದು ಹಾಕಿದ ರಾಶಿ ರೋಮಿನಲ್ಲಿ ಇಂದಿಗೂ ಒಂದು ಗುಡ್ಡವಾಗಿ ನಿಂತಿದೆ. ಗೋಧಿ, ದ್ರಾಕ್ಷಿ, ಆಲಿವ್‌ಗಳು ರೋಮನ್ನರ ಕಾಲದವು. ಅರಬರ ಕಾಲದಲ್ಲಿ ಬಂದದ್ದು ಅಥವಾ ಹೊಲಗಳಲ್ಲಿ ವ್ಯಾಪಕವಾದದ್ದು ಬೇರೆ ಬಗೆಯ ಬೆಳೆಗಳು. ಭತ್ತ, ಕಬ್ಬು, ಬದನೆ, ಪಾಲಕ್, ಹುಳಿ ಕಿತ್ತಳೆ, ನಿಂಬೆ ಮುಂತಾದ ಇವುಗಳಲ್ಲಿ ಹೆಚ್ಚಿನವಕ್ಕೆ ಬೇಸಿಗೆಯಲ್ಲಿ ನೀರು ಬೇಕು. ಅಂದಲೂಸಿನ ಬೇಸಿಗೆಯಲ್ಲಿ ಮಳೆಯಿಲ್ಲ. ಆದ್ದರಿಂದ ಬೆಳೆಯ ಜೊತೆ ನೀರನ್ನು ಎತ್ತಿ ಹಾಯಿಸುವ ವಿದ್ಯೆಯೂ ಬೇಕಾಗಿತ್ತು.

ಬದನೆಯ ಪ್ರಯಾಣವಂತೂ ನಮ್ಮ ಮನೆಯ ಹಿತ್ತಿಲಿನಿಂದಲೇ ಹೊರಟದ್ದು. ಕನ್ನಡದ ‘ಬದನೆ’ಗೂ ತಮಿಳಿನ ‘ವಳುದುಣೈ’ಗೂ ಒಂದೇ ಬೇರು. ಈ ದ್ರಾವಿಡ ಬೇರಿನಿಂದಲೇ ಸಂಸ್ಕೃತದ ‘ವಾತಿಂಗಣ’ ಹುಟ್ಟಿತೆಂದು ಭಾಷಾತಜ್ಞರು ಹೇಳುತ್ತಾರೆ. ಪರ್ಷಿಯಾಕ್ಕೆ ಹೋಗಿ ಅದು ‘ಬಾದಿಂಗಾನ್’ ಆಯಿತು, ಅರಬಿಯಲ್ಲಿ ‘ಬಾದಿಂಜಾನ್’ ಆಯಿತು, ಸ್ಪೇನಿನಲ್ಲಿ ‘ಬೆರೆನ್‌ಹೇನಾ’, ಪೋರ್ಚುಗಲ್‌ನಲ್ಲಿ ‘ಬೆರಿಂಜೇಲಾ’ ಆಯಿತು. ಪೋರ್ಚುಗೀಸರು ಹಡಗೇರಿ ನಮ್ಮ ಕರಾವಳಿಗೆ ಬಂದಾಗ ಈ ಹೆಸರು ಅವರ ಬಾಯಲ್ಲಿ ಮರಳಿ ಬಂತು. ಇಂಗ್ಲಿಷ್ ಕಲಿತ ನಮ್ಮ ಜನ ಇಂದು ಹೇಳುವ ‘ಬ್ರಿಂಜಾಲ್’ ಅದೇ. ಇಂಗ್ಲೆಂಡಿನವರು ಅದನ್ನು ಬ್ರಿಂಜಾಲ್ ಎನ್ನುವುದಿಲ್ಲ, ಫ್ರೆಂಚರಿಂದ ಪಡೆದ ‘ಓಬರ್ಜೀನ್’ ಎನ್ನುತ್ತಾರೆ. ಅದೂ ‘ಅಲ್ ಬಾದಿಂಜಾನ್’ನದ್ದೇ ಇನ್ನೊಂದು ಕವಲು. ಸಂಸ್ಕೃತದ ‘ಶರ್ಕರಾ’ದಿಂದ ನಮ್ಮ ಸಕ್ಕರೆಯೂ ಅವರ ಅಸೂಕಾರ್ ಕೂಡ ಬಂದವು. ಬದನೆಯ ಮೇಲೆ ಸುರಿಯುವ ಆ ಕಪ್ಪು ಪಾಕವನ್ನು ಅವರು ‘ಕಬ್ಬಿನ ಜೇನು’ ಎಂದು ಕರೆಯುತ್ತಾರೆ. ನಾಲಗೆಗಿಟ್ಟರೆ ಮಲೆನಾಡಿನವರು, ಕರಾವಳಿಯವರು ತಟ್ಟನೆ ಗುರುತಿಸುತ್ತಾರೆ: ಜೋನಿಬೆಲ್ಲ! ಸ್ಪೇನಿನ ದಕ್ಷಿಣ ಕರಾವಳಿಯಲ್ಲಿ ಸಾವಿರ ವರ್ಷ ಬೆಳೆದ ಕಬ್ಬನ್ನು ಅರೆಯುತ್ತಿದ್ದ ಕೊನೆಯ ಸಕ್ಕರೆ ಕಾರ್ಖಾನೆ 2006ರಲ್ಲಿ ಮುಚ್ಚಿತು. ಆದರೆ ಮಾಲಗಾ ಸಮೀಪದ ಫ್ರಿಹಿಲಿಯಾನಾ ಎಂಬ ಬೆಟ್ಟದೂರಿನ ಕಬ್ಬಿನ ಜೇನಿಗೆ ಈಗಲೂ ಹೆಸರಿದೆ.

ಕ್ರಿ.ಶ. 711ರಲ್ಲಿ ತಾರಿಕ್ ಬಿನ್ ಝಿಯಾದ್ ಜಲಸಂಧಿ ದಾಟಿದ ಕತೆ ಎಲ್ಲರಿಗೂ ಗೊತ್ತು. ಊಟದ ಚರಿತ್ರೆಗೆ ಮುಖ್ಯವಾದ ವರ್ಷ 756. ತನ್ನ ಉಮವಿ ಮನೆತನದ ಕಗ್ಗೊಲೆಯಿಂದ ತಪ್ಪಿಸಿಕೊಂಡು ಓಡಿಬಂದ ಒಂದನೇ ಅಬ್ದುರ್‍ರಹ್ಮಾನ್ ಆ ವರ್ಷ ಕೊರ್ಡೋವಾದ ಅಮೀರನಾದ. ನಗರದ ಹೊರಗೆ ಅವನು ಕಟ್ಟಿಸಿದ ತೋಟದರಮನೆಗೆ ಸಿರಿಯಾದಲ್ಲಿ ತನ್ನ ಅಜ್ಜ ಹಿಶಾಮರಿಗಿದ್ದ ಅರಮನೆಯ ಹೆಸರನ್ನೇ ಇಟ್ಟ: ರುಸಾಫಾ. ಊರು ಬಿಟ್ಟವನು ಊರಿನ ಗಿಡಗಳನ್ನು ನೆಟ್ಟ. ಸಿರಿಯಾದಿಂದ ತರಿಸಿದ ಒಂದು ದಾಳಿಂಬೆ ತಳಿ ಈ ತೋಟದಿಂದಲೇ ಅಂದಲೂಸಿನಲ್ಲೆಲ್ಲ ಹರಡಿತೆಂದು ಅರಬಿ ಇತಿಹಾಸಕಾರರು ಬರೆದಿದ್ದಾರೆ. ಒಬ್ಬಂಟಿ ಖರ್ಜೂರದ ಮರವನ್ನು ಕಂಡು, ನೀನೂ ನನ್ನಂತೆ ಪರದೇಶಿ ಎಂದು ಅವನು ಕವಿತೆ ಕಟ್ಟಿದನೆಂದೂ ಹೇಳುತ್ತಾರೆ. ಅಂದಲೂಸಿನ ಊಟದ ಮೊದಲ ಅಧ್ಯಾಯವನ್ನು ಬರೆದವನು ಒಬ್ಬ ನಿರಾಶ್ರಿತ. ಕೊನೆಯ ಅಧ್ಯಾಯವೂ ನಿರಾಶ್ರಿತರದ್ದೇ, ಅದಕ್ಕೆ ಮುಂದೆ ಬರೋಣ.

ಅಮೀರರು ತೋಟ ಮಾಡಿಸಿದರು, ಗದ್ದೆ ಮಾಡಿದವರು ಹೆಸರಿಲ್ಲದ ರೈತರು. ಕಾಲುವೆಗೆ ಸ್ಪ್ಯಾನಿಷ್‌ನಲ್ಲಿ ಇಂದಿಗೂ ‘ಅಸೇಕಿಯಾ’ ಎನ್ನುತ್ತಾರೆ, ಅರಬಿಯ ‘ಅಸ್ಸಾಕಿಯಾ’. ನೀರೆತ್ತುವ ಚಕ್ರ ‘ನೋರಿಯಾ’, ಅರಬಿಯ ‘ನಾಊರಾ’. ಕೊರ್ಡೋವಾದ ನದಿಯ ಹೆಸರೇ ‘ಗ್ವಾದಲ್‌ಕಿವೀರ್’, ಅಂದರೆ ‘ವಾದಿ ಅಲ್ ಕಬೀರ್’, ದೊಡ್ಡ ಹೊಳೆ. ಅದರ ದಂಡೆಯಲ್ಲಿ ನಿಂತಿದ್ದ ಅಲ್ಬೊಲಾಫಿಯಾ ಎಂಬ ಭಾರೀ ಚಕ್ರವನ್ನು, ರಾತ್ರಿ ನಿದ್ದೆಗೆಡಿಸುತ್ತದೆಂದು ರಾಣಿ ಇಸಬೆಲಾ ಬಿಚ್ಚಿಸಿ ಹಾಕಿದಳೆಂದು ಊರಲ್ಲಿ ಹೇಳುತ್ತಾರೆ. ಈಗ ಅಲ್ಲಿರುವುದು ಇಪ್ಪತ್ತನೇ ಶತಮಾನದಲ್ಲಿ ಮಾಡಿದ ಮರುರೂಪ. ವೆಲೆನ್ಸಿಯಾದಲ್ಲಿ ಗದ್ದೆಗಳ ನೀರಿನ ತಗಾದೆಯನ್ನು ತೀರ್ಮಾನಿಸುವ ರೈತರ ನ್ಯಾಯಮಂಡಳಿ ಪ್ರತಿ ಗುರುವಾರ ಮಧ್ಯಾಹ್ನ ಕೆಥೆಡ್ರಲ್ಲಿನ ಬಾಗಿಲಲ್ಲಿ ಸೇರುತ್ತದೆ. ಅದರ ಬೇರು ಅಂದಲೂಸಿನ ಕಾಲದ್ದೆಂದು ನಂಬಲಾಗುತ್ತದೆ. 2009ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊರ್ಡೋವಾದಲ್ಲಿ 961ರ ಸುಮಾರಿಗೆ ಸಿದ್ಧವಾದ ಒಂದು ಕೃಷಿ ಪಂಚಾಂಗವಿದೆ. ಯಾವ ತಿಂಗಳಲ್ಲಿ ಏನು ಬಿತ್ತಬೇಕು, ಯಾವ ಹಣ್ಣು ಯಾವಾಗ ಮಾಗುತ್ತದೆ ಎಂಬುದೆಲ್ಲ ಅದರಲ್ಲಿದೆ. ಅದರೊಂದಿಗೆ ಎರಡು ಹೆಸರುಗಳು ಸೇರಿಕೊಂಡಿವೆ: ಒಬ್ಬ ಅರೀಬ್ ಬಿನ್ ಸಅದ್ ಎಂಬ ಮುಸ್ಲಿಮ್ ವಿದ್ವಾಂಸ, ಇನ್ನೊಬ್ಬ ರೆಸೆಮುಂದೊ ಎಂಬ ಕ್ರೈಸ್ತ ಬಿಷಪ್. ಬಿಷಪ್ಪನಿಗೆ ರಬೀ ಬಿನ್ ಝೈದ್ ಎಂಬ ಅರಬಿ ಹೆಸರೂ ಇತ್ತು.

ಝಿರ್ಯಾಬನ ವಿಷಯ ಹೇಳದಿದ್ದರೆ ಓದುಗರು ಕೇಳುತ್ತಾರೆ. 822ರಲ್ಲಿ ಬಗ್ದಾದಿನಿಂದ ಕೊರ್ಡೋವಾಕ್ಕೆ ಬಂದ ಈ ಗಾಯಕ ಊಟವನ್ನು ಒಂದಾದ ಮೇಲೊಂದರಂತೆ ಕ್ರಮವಾಗಿ ಬಡಿಸುವ ಪದ್ಧತಿ ತಂದ, ಲೋಹದ ಬಟ್ಟಲಿನ ಬದಲು ಗಾಜಿನ ಲೋಟ ತಂದ, ಕೂದಲು ಕತ್ತರಿಸುವ ಶೈಲಿಯಿಂದ ಹಿಡಿದು ಹಲ್ಲುಜ್ಜುವ ಪುಡಿಯವರೆಗೆ ಎಲ್ಲವನ್ನೂ ಕಲಿಸಿದ ಎಂಬ ಕತೆ ಬಹಳ ಜನಪ್ರಿಯ. ಆದರೆ ಈ ಕತೆಯ ಹೆಚ್ಚಿನ ಭಾಗ ನಮಗೆ ಸಿಗುವುದು ಅವನು ಸತ್ತು ಏಳುನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಹದಿನೇಳನೇ ಶತಮಾನದಲ್ಲಿ, ಅಲ್ ಮಕ್ಕರಿ ಹಳೆಯ ಗ್ರಂಥಗಳಿಂದ ಆಯ್ದು ಬರೆದದ್ದರಲ್ಲಿ. ಒಂದು ನಾಗರಿಕತೆ ನೂರಾರು ವರ್ಷಗಳಲ್ಲಿ ಕಲಿತದ್ದನ್ನೆಲ್ಲ ಒಬ್ಬನ ತಲೆಗೆ ಕಟ್ಟುವುದು ಎಲ್ಲ ಕಡೆಯೂ ನಡೆಯುವಂಥದ್ದು. ನಮಗೆ ಝಿರ್ಯಾಬನಿಗಿಂತ ಆಸಕ್ತಿ ಹುಟ್ಟಿಸುವವರು ಇಬ್ನ್ ರಝೀನ್ ಅತ್ತುಜೀಬಿ.

ಇಬ್ನ್ ರಝೀನ್ 1227ರಲ್ಲಿ ಮುರ್ಸಿಯಾದಲ್ಲಿ ಹುಟ್ಟಿದರು. ಆಗ ಅಂದಲೂಸ್ ಕುಸಿಯುತ್ತಿತ್ತು. 1236ರಲ್ಲಿ ಕೊರ್ಡೋವಾ, 1248ರಲ್ಲಿ ಸೆವಿಲ್ಲೆ ಕ್ರೈಸ್ತ ದೊರೆಗಳ ವಶವಾದವು. ಯುವಕ ಇಬ್ನ್ ರಝೀನ್ ಊರು ಬಿಟ್ಟು ಸೆವುಟಾ, ಬಿಜಾಯಾಗಳನ್ನು ದಾಟಿ ಕೊನೆಗೆ ಟ್ಯೂನಿಸ್ ಸೇರಿದರು. ಅಲ್ಲಿ ಕುಳಿತು ಒಂದು ಪಾಕಶಾಸ್ತ್ರ ಗ್ರಂಥ ಬರೆದರು. ಕಳೆದುಹೋಗುತ್ತಿರುವ ಊರಿನ ಪುಸ್ತಕ ಬರೆಯಲು ಹೊರಟವರು ಸಾಮಾನ್ಯವಾಗಿ ರಾಜರ ಹೆಸರು, ಯುದ್ಧಗಳ ಪಟ್ಟಿ ಬರೆಯುತ್ತಾರೆ. ಇವರು ಬ್ರೆಡ್ಡು ಹೇಗೆ ಬೇಯಿಸಬೇಕು, ಬದನೆಯ ಕಹಿ ಹೇಗೆ ತೆಗೆಯಬೇಕು, ಗಿಣ್ಣು ತುಂಬಿದ ‘ಮುಜಬ್ಬನಾ’ ಹೇಗೆ ಕರಿಯಬೇಕು, ಕೈ ತೊಳೆಯುವ ಪುಡಿ ಹೇಗೆ ತಯಾರಿಸಬೇಕು ಎಂದು ಬರೆದರು. ಅಂದಲೂಸಿನವರ ಊಟದಲ್ಲಿರುವ ಅಚ್ಚುಕಟ್ಟು ಬೇರೆಯವರಲ್ಲಿಲ್ಲ ಎಂಬ ಅಭಿಮಾನವನ್ನೂ ಅವರು ಅಡಗಿಸಿಲ್ಲ. ಬ್ರಿಟಿಷ್ ಲೈಬ್ರರಿಯಲ್ಲಿದ್ದ ಒಂದು ಹಸ್ತಪ್ರತಿ ಇದೇ ಗ್ರಂಥದ್ದೆಂದು ತೀರಾ ಇತ್ತೀಚೆಗೆ ಗುರುತಾಯಿತು. ಅದನ್ನು ಆಧರಿಸಿ ಇರಾಕಿ ಮೂಲದ ವಿದುಷಿ ನವಾಲ್ ನಸ್ರಲ್ಲಾಹ್ ಅವರ ಇಂಗ್ಲಿಷ್ ಅನುವಾದ 2021ರಲ್ಲಿ ಬಂದಿದೆ. ಇಬ್ನ್ ರಝೀನರ ಶತಮಾನದ್ದೇ ಆದ, ಕರ್ತೃವಿನ ಹೆಸರು ತಿಳಿಯದ ಇನ್ನೊಂದು ಅಂದಲೂಸಿ ಪಾಕಗ್ರಂಥವೂ ಉಳಿದಿದೆ. ಅದರಲ್ಲಿ ‘ಯಹೂದಿ ಕವುಜುಗ’ ಎಂಬಂಥ ಹೆಸರಿನ ಅಡುಗೆಗಳಿವೆ. ಯಾರ ಮನೆಯ ಅಡುಗೆ ಯಾರದೆಂದು ಆ ಲೇಖಕನಿಗೆ ಗೊತ್ತಿತ್ತು, ಅದನ್ನು ಮಾಡಿ ತಿನ್ನಲು ಅವನಿಗೆ ಸಂಕೋಚವಿರಲಿಲ್ಲ.

ಆದರೂ ಅಂದಲೂಸ್ ಎಂದರೆ ಸದಾ ಸೌಹಾರ್ದದ ಸ್ವರ್ಗ ಎನ್ನುವುದು ಸುಳ್ಳಾಗುತ್ತದೆ. ಹನ್ನೆರಡನೇ ಶತಮಾನದಲ್ಲಿ ಅಧಿಕಾರಕ್ಕೆ ಬಂದ ಮುವಹ್ಹಿದ್‌ಗಳು ಯಹೂದಿಯರನ್ನೂ ಕ್ರೈಸ್ತರನ್ನೂ ಪೀಡಿಸಿದರು. ಕೊರ್ಡೋವಾದಲ್ಲಿ ಹುಟ್ಟಿದ ಮಹಾನ್ ಯಹೂದಿ ಚಿಂತಕ ಮೂಸಾ ಬಿನ್ ಮೈಮೂನರ ಕುಟುಂಬ ಊರು ಬಿಟ್ಟದ್ದು ಆ ಕಾಲದಲ್ಲಿಯೇ. ಇಂದು ಅವರ ಪ್ರತಿಮೆ ಹಳೆಯ ಯಹೂದಿ ಕೇರಿಯಲ್ಲಿದೆ, ಸುತ್ತಲೂ ತಾಬೆರ್ನಾಗಳಿವೆ.

ಈಗ ಮೇಲೆ ನೇತಾಡುವ ಹಂದಿ ತೊಡೆಯ ಕಡೆ ನೋಡೋಣ.

1492ರ ಜನವರಿಯಲ್ಲಿ ಗ್ರಾನಡಾ ಶರಣಾದಾಗ ಆದ ಒಪ್ಪಂದದಲ್ಲಿ ಮುಸ್ಲಿಮರ ಧರ್ಮ, ಮಸೀದಿ, ಕಾನೂನುಗಳಿಗೆ ರಕ್ಷಣೆ ಕೊಡಲಾಗಿತ್ತು. ಅದೇ ವರ್ಷ ಯಹೂದಿಯರನ್ನು ದೇಶದಿಂದ ಹೊರಗಟ್ಟಲಾಯಿತು. 1499ರಲ್ಲಿ ಕಾರ್ಡಿನಲ್ ಸಿಸ್ನೆರೋಸ್ ಗ್ರಾನಡಾದಲ್ಲಿ ಬಲವಂತದ ಮತಾಂತರ ಆರಂಭಿಸಿದ. 1502ರಲ್ಲಿ ಕ್ಯಾಸ್ಟೀಲಿನ ಮುಸ್ಲಿಮರಿಗೆ ಮತಾಂತರ ಇಲ್ಲವೇ ದೇಶತ್ಯಾಗ ಎಂಬ ಆಜ್ಞೆ ಬಂತು. 1526ರ ಹೊತ್ತಿಗೆ ವೆಲೆನ್ಸಿಯಾ, ಅರಗಾನ್‌ಗಳಲ್ಲೂ ಅದೇ ಆಯಿತು. ಕಾಗದದ ಮೇಲೆ ಸ್ಪೇನಿನಲ್ಲಿ ಒಬ್ಬ ಮುಸ್ಲಿಮನೂ ಉಳಿಯಲಿಲ್ಲ. ಮತಾಂತರಗೊಂಡವರನ್ನು ‘ಮೊರಿಸ್ಕೊ’ಗಳೆಂದು ಕರೆದರು. ಎಲ್ಲರೂ ಕ್ರೈಸ್ತರಾದ ಮೇಲೆ, ನಿಜವಾದ ಕ್ರೈಸ್ತ ಯಾರು ಎಂದು ಪತ್ತೆ ಹಚ್ಚುವುದು ಹೇಗೆ? ಚರ್ಚಿಗೆ ಎಲ್ಲರೂ ಬರುತ್ತಾರೆ, ಪ್ರಾರ್ಥನೆ ಬಾಯಿಪಾಠ ಹೇಳುತ್ತಾರೆ. ಆಗ ಕಣ್ಣು ಬಿದ್ದದ್ದು ಒಲೆಯ ಮೇಲೆ.

ಸ್ಪೇನಿನ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ 1480ರಿಂದ ಕೆಲಸ ಆರಂಭಿಸಿತ್ತು. ಮೊದಲು ಅದರ ಗುರಿ ಕ್ರೈಸ್ತರಾದ ಯಹೂದಿಯರು, ಆಮೇಲೆ ಮೊರಿಸ್ಕೊಗಳು. ಅದು ಊರೂರಿನ ಚರ್ಚುಗಳಲ್ಲಿ ಓದಿಸುತ್ತಿದ್ದ ಪ್ರಕಟಣೆಗಳಲ್ಲಿ, ನೆರೆಯವರಲ್ಲಿ ಗಮನಿಸಬೇಕಾದ ಕುರುಹುಗಳ ಪಟ್ಟಿ ಇರುತ್ತಿತ್ತು. ಹಂದಿಮಾಂಸ ತಿನ್ನುವುದಿಲ್ಲವೇ? ವೈನ್ ಕುಡಿಯುವುದಿಲ್ಲವೇ? ಪ್ರಾಣಿಯನ್ನು ಕಿಬ್ಲಾದ ಕಡೆ ಮುಖಮಾಡಿ ಕೊಯ್ಯುತ್ತಾರೆಯೇ? ವರ್ಷದಲ್ಲಿ ಒಂದು ತಿಂಗಳು ಹಗಲು ಉಪವಾಸವಿದ್ದು ನಕ್ಷತ್ರ ಕಂಡ ಮೇಲೆ ಉಣ್ಣುತ್ತಾರೆಯೇ? ನೆಲದ ಮೇಲೆ ಕೂತು ಕುಸ್‌ಕುಸ್ ತಿಂದದ್ದು ಕೂಡ ವಿಚಾರಣೆಗಳಲ್ಲಿ ಸಾಕ್ಷ್ಯವಾಯಿತು. ಸೆವಿಲ್ಲೆ ಸಮೀಪದ ಪಾದ್ರಿ, ಚರಿತ್ರೆಕಾರ ಆಂದ್ರೆಸ್ ಬೆರ್ನಾಲ್ದೆಸ್ ಮತಾಂತರಗೊಂಡ ಯಹೂದಿಯರ ಬಗ್ಗೆ ಬರೆಯುತ್ತಾ, ಅವರು ಹಂದಿ ಕೊಬ್ಬಿನ ಬದಲು ಎಣ್ಣೆಯಲ್ಲಿ ಮಾಂಸ ಬೇಯಿಸುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ಹುರಿಯುತ್ತಾರೆ, ಅವರ ಬಾಯಿಯೂ ಮನೆಯೂ ಅದೇ ವಾಸನೆ ಎಂದು ಹೇಸಿಕೊಂಡಿದ್ದಾನೆ. ಇಂದು ಜಗತ್ತಿಗೇ ಸ್ಪೇನಿನ ಹೆಮ್ಮೆಯೆಂದು ಬಾಟಲಿಯಲ್ಲಿ ತುಂಬಿ ಮಾರುವ ಎಣ್ಣೆಯ ವಾಸನೆ ಅಂದು ಕುಟುಂಬವೊಂದನ್ನು ಸೆರೆಮನೆಗೆ ಕಳುಹಿಸಬಹುದಾಗಿತ್ತು.

ಸಾಕ್ಷಿ ಹೇಳುವವರು ಯಾರು? ಪಕ್ಕದ ಮನೆಯವರು, ಕೆಲಸದವಳು, ಮುನಿಸಿಕೊಂಡ ಸಂಬಂಧಿ. ಆಪಾದಿತರಿಗೆ ಸಾಕ್ಷಿಯ ಹೆಸರು ತಿಳಿಸುತ್ತಿರಲಿಲ್ಲ. ಅಡುಗೆ ಹೆಂಗಸರ ಕೆಲಸವಾದ್ದರಿಂದ ಈ ಪರೀಕ್ಷೆಯ ಭಾರ ಬಿದ್ದದ್ದು ಹೆಚ್ಚಾಗಿ ಹೆಂಗಸರ ಮೇಲೆ. ಪಾತ್ರೆಗೆ ಒಂದು ತುಂಡು ಹಂದಿ ಕೊಬ್ಬು ಹಾಕಬೇಕೇ ಬೇಡವೇ ಎಂಬುದನ್ನು ದಿನವೂ ಎರಡು ಹೊತ್ತು ನಿರ್ಧರಿಸಬೇಕಾಗಿದ್ದ ಆ ತಾಯಂದಿರ ಮನಸ್ಸು ಹೇಗಿದ್ದಿರಬಹುದು? ಹಾಕಿದರೆ ಅಲ್ಲಾಹನ ಭಯ, ಹಾಕದಿದ್ದರೆ ನೆರೆಮನೆಯ ಭಯ. ಇಂಥವರಿಗಾಗಿಯೇ 1504ರಲ್ಲಿ ಉತ್ತರ ಆಫ್ರಿಕಾದಿಂದ ಒಂದು ಫತ್ವಾ ಬಂತು. ಓರಾನ್ ಮೂಲದ ವಿದ್ವಾಂಸ ಅಹ್ಮದ್ ಬಿನ್ ಅಬೀ ಜುಮುಆ ಅದನ್ನು ಬರೆದವರು. ಹಂದಿಮಾಂಸ ತಿನ್ನಲು, ವೈನ್ ಕುಡಿಯಲು ಬಲವಂತಪಡಿಸಿದರೆ ಮನಸ್ಸಿನಲ್ಲಿ ಅದನ್ನು ಹರಾಮ್ ಎಂದೇ ತಿಳಿದು ಸೇವಿಸಿ ಜೀವ ಉಳಿಸಿಕೊಳ್ಳಿರಿ ಎಂಬುದು ಅದರ ತಾತ್ಪರ್ಯ. ಈ ಫತ್ವಾ ‘ಅಲ್‌ಹಮಿಯಾದೊ’ದಲ್ಲಿ, ಅಂದರೆ ಅರಬಿ ಲಿಪಿಯಲ್ಲಿ ಬರೆದ ಸ್ಪ್ಯಾನಿಷ್ ಭಾಷೆಯಲ್ಲಿ, ಗುಟ್ಟಾಗಿ ಕೈಯಿಂದ ಕೈಗೆ ಹರಿದಾಡಿತು. ನಮ್ಮ ಕರಾವಳಿಯ ಮದ್ರಸಾಗಳಲ್ಲಿ ಅರಬಿ ಮಲಯಾಳ ಓದಿದವರಿಗೆ ಇಂಥ ಬರಹದ ಪರಿಚಯ ಹೊಸತಲ್ಲ.

1567ರಲ್ಲಿ ಎರಡನೇ ಫಿಲಿಪ್ ದೊರೆಯ ಸರಕಾರ ಗ್ರಾನಡಾದಲ್ಲಿ ಅರಬಿ ಭಾಷೆ, ಉಡುಪು, ಸಾರ್ವಜನಿಕ ಸ್ನಾನಗೃಹ ಎಲ್ಲವನ್ನೂ ನಿಷೇಧಿಸಿತು. ಆಗ ಫ್ರಾನ್ಸಿಸ್ಕೊ ನೂನ್ಯೆಸ್ ಮುಲೇ ಎಂಬ ವೃದ್ಧ ಮೊರಿಸ್ಕೊ ಮುಖಂಡ ಗ್ರಾನಡಾದ ಉಚ್ಚ ನ್ಯಾಯಾಲಯದ ಅಧ್ಯಕ್ಷನಿಗೊಂದು ಮನವಿ ಸಲ್ಲಿಸಿದ. ಉಡುಪು, ಸ್ನಾನ, ಮದುವೆಯ ಸಂಗೀತ ಇವು ಧರ್ಮವಲ್ಲ, ಈ ಪ್ರಾಂತ್ಯದ ರೂಢಿ. ಬೇರೆ ಪ್ರಾಂತ್ಯದ ಕ್ರೈಸ್ತರಿಗೆ ಅವರವರ ರೂಢಿಗಳಿಲ್ಲವೇ? ಮಾಲ್ಟಾದ ಕ್ರೈಸ್ತರು ಅರಬಿ ಮಾತಾಡುವುದಿಲ್ಲವೇ? ಹೀಗೆ ಅವನ ವಾದ. ಇಷ್ಟು ಸಮಾಧಾನದಿಂದ, ಇಷ್ಟು ತರ್ಕಬದ್ಧವಾಗಿ ಬರೆದ ಮನವಿಗಳು ಚರಿತ್ರೆಯಲ್ಲಿ ವಿರಳ. ಅದು ಯಾರ ಕಿವಿಗೂ ಬೀಳಲಿಲ್ಲ. ಮರುವರ್ಷ ಆಲ್ಪುಹಾರಾ ಬೆಟ್ಟಗಳಲ್ಲಿ ದಂಗೆಯಾಯಿತು. ಎರಡೂ ಕಡೆ ಘೋರ ಹಿಂಸೆ ನಡೆಯಿತು, 1571ರ ಹೊತ್ತಿಗೆ ದಂಗೆಯನ್ನು ಹತ್ತಿಕ್ಕಿ ಗ್ರಾನಡಾದ ಮೊರಿಸ್ಕೊಗಳನ್ನು ದೇಶದ ಬೇರೆ ಬೇರೆ ಮೂಲೆಗಳಿಗೆ ಚದುರಿಸಲಾಯಿತು.

ಕೊನೆಗೆ 1609ರ ಸೆಪ್ಟೆಂಬರಿನಲ್ಲಿ ಮೂರನೇ ಫಿಲಿಪ್ ದೊರೆಯ ಗಡೀಪಾರು ಆಜ್ಞೆ ಮೊದಲು ವೆಲೆನ್ಸಿಯಾದಲ್ಲಿ ಹೊರಟಿತು. 1614ರೊಳಗೆ ಸುಮಾರು ಮೂರು ಲಕ್ಷ ಜನರನ್ನು ಹಡಗುಗಳಲ್ಲಿ, ಗಡಿಗಳಲ್ಲಿ ಹೊರದೂಡಲಾಯಿತು. ಅನೇಕ ಕಡೆ ಎಳೆಯ ಮಕ್ಕಳನ್ನು ತಂದೆತಾಯಿಯರಿಂದ ಕಸಿದು ಕ್ರೈಸ್ತ ಮನೆಗಳಲ್ಲಿ ಉಳಿಸಿಕೊಂಡರು. ವೆಲೆನ್ಸಿಯಾದ ಆಜ್ಞೆಯಲ್ಲಿ ಒಂದು ಕಲಮು ಇದೆ. ಮನೆಗಳು, ಸಕ್ಕರೆ ಗಾಣಗಳು, ಭತ್ತದ ಫಸಲು ಮತ್ತು ನೀರಾವರಿ ಕಾಲುವೆಗಳು ಹಾಳಾಗದಂತೆ ನೋಡಿಕೊಳ್ಳಲು, ಹೊಸದಾಗಿ ಬರುವವರಿಗೆ ಕಲಿಸಿಕೊಡಲು, ನೂರಕ್ಕೆ ಆರು ಮಂದಿಯನ್ನು ಕುಟುಂಬ ಸಹಿತ ಉಳಿಸಿಕೊಳ್ಳಬಹುದು ಎಂಬುದೇ ಆ ಕಲಮು. ನಿಮ್ಮ ಅಕ್ಕಿ ಬೇಕು, ನಿಮ್ಮ ಸಕ್ಕರೆ ಬೇಕು, ನೀರು ಹಾಯಿಸುವ ನಿಮ್ಮ ಕೈ ಬೇಕು, ನೀವು ಬೇಡ! ಹಾಗೆ ಉಳಿಯಲು ಒಪ್ಪಿದವರು ತೀರಾ ಕಡಿಮೆ. ತಮ್ಮವರೊಂದಿಗೆ ಹೋಗುವುದನ್ನೇ ಹೆಚ್ಚಿನವರು ಆರಿಸಿಕೊಂಡರು. ವೆಲೆನ್ಸಿಯಾ ಪ್ರಾಂತ್ಯ ತನ್ನ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗವನ್ನು ಕಳಕೊಂಡಿತು, ಹಳ್ಳಿಗಳು ಪಾಳುಬಿದ್ದವು.

ಈ ದುರಂತದ ಬಗ್ಗೆ ಆ ಕಾಲದ ಸ್ಪೇನಿನಲ್ಲಿ ಬಾಯಿಬಿಟ್ಟವರಲ್ಲಿ ಸೆರ್ವಾಂಟಿಸ್ ಒಬ್ಬ. ‘ಡಾನ್ ಕ್ವಿಕ್ಸೋಟ್’ನ 1615ರ ಎರಡನೇ ಭಾಗದಲ್ಲಿ ಸ್ಯಾಂಕೊ ಪಾಂಝಾ ದಾರಿಯಲ್ಲಿ ತನ್ನ ಹಳೆಯ ನೆರೆಯವನಾದ ರಿಕೋತೆ ಎಂಬ ಮೊರಿಸ್ಕೊನನ್ನು ಭೇಟಿಯಾಗುತ್ತಾನೆ. ಗಡೀಪಾರಾದ ರಿಕೋತೆ ಯಾತ್ರಿಕನ ವೇಷದಲ್ಲಿ ಮರಳಿ ಬಂದಿದ್ದಾನೆ. ಇಬ್ಬರೂ ಹುಲ್ಲಿನ ಮೇಲೆ ಕೂತು ಊಟ ಮಾಡುತ್ತಾರೆ. ಆ ಬುತ್ತಿಯಲ್ಲಿ ಆಲಿವ್ ಕಾಯಿಗಳಿವೆ, ಚೀಸಿದೆ, ಬೀಜಗಳಿವೆ, ವೈನ್ ಇದೆ, ಚೀಪಲು ಹಂದಿ ತೊಡೆಯ ಎಲುಬುಗಳೂ ಇವೆ. ಆ ಎಲುಬುಗಳನ್ನು ಸೆರ್ವಾಂಟಿಸ್ ಅಲ್ಲಿ ಸುಮ್ಮನೆ ಇಡಲಿಲ್ಲ ಎಂಬುದು ನಮ್ಮ ಅನಿಸಿಕೆ. ಹಂದಿ ಎಲುಬು ಚೀಪಿದರೂ ರಿಕೋತೆಗೆ ಊರು ದಕ್ಕಲಿಲ್ಲ. ಇದೇ ಕಾದಂಬರಿಯ ಕತೆಯನ್ನು ಮೂಲದಲ್ಲಿ ಬರೆದವನು ಸಿದೆ ಹಮೇತೆ ಬೆನೆಂಗೆಲಿ ಎಂಬ ಅರಬ ಎಂದು ಸೆರ್ವಾಂಟಿಸ್ ತಮಾಷೆ ಕಟ್ಟಿದ್ದಾನೆ. ಸ್ಯಾಂಕೊನ ಬಾಯಲ್ಲಿ ಆ ಹೆಸರು ‘ಬೆರೆನ್‌ಹೇನಾ’, ಅಂದರೆ ಬದನೆಕಾಯಿ ಆಗುತ್ತದೆ. ಮೂರರಿಗೆ ಬದನೆಯೆಂದರೆ ಬಲು ಇಷ್ಟವಂತೆ ಎಂದು ಅವನು ಸಮರ್ಥನೆಯನ್ನೂ ಕೊಡುತ್ತಾನೆ. ಬದನೆ ತಿನ್ನುವವನೆಂದರೆ ಮುಸ್ಲಿಮ್ ಅಥವಾ ಯಹೂದಿ ಎಂಬ ಗೇಲಿ ಅಂದು ಅಷ್ಟು ಸಾಮಾನ್ಯವಾಗಿತ್ತು.

ಹಂದಿಮಾಂಸ ಸ್ಪೇನಿನಲ್ಲಿ ರೋಮನ್ನರ ಕಾಲದಿಂದಲೂ ಇತ್ತು. ಮುಸ್ಲಿಮರನ್ನು ಕೆಣಕಲೆಂದೇ 1492ರ ನಂತರ ಯಾರೋ ಕಂಡುಹಿಡಿದದ್ದಲ್ಲ. ಚಳಿಗಾಲಕ್ಕೆ ಬಡವರ ಮನೆಯ ಆಸರೆ ಅದು. ಆದರೆ ಹದಿನಾರನೇ ಶತಮಾನದಲ್ಲಿ ಅದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತು, ಮನೆಯವರ ನಿಷ್ಠೆಗೆ ಅದು ಪುರಾವೆಯಾಯಿತು. ಯಹೂದಿಯರು ಸಬ್ಬತ್ ದಿನಕ್ಕೆಂದು ಶುಕ್ರವಾರವೇ ಒಲೆಯ ಮೇಲಿಟ್ಟು ಕೆಂಡ ಮುಚ್ಚುತ್ತಿದ್ದ ‘ಅದಫೀನಾ’ ಎಂಬ ಕಡಲೆ ಮಾಂಸದ ಗಸಿಗೆ (ಅರಬಿಯಲ್ಲಿ ‘ದಫೀನಾ’ ಎಂದರೆ ಹೂತಿಟ್ಟದ್ದು) ಹಂದಿಮಾಂಸ ಸೇರಿ ಇಂದಿನ ಸ್ಪೇನಿನ ಮನೆಮನೆಯ ‘ಕೊಸೀದೊ’ ಆಯಿತೆಂದು ಅನೇಕ ಸಂಶೋಧಕರು ನಂಬುತ್ತಾರೆ. ಕೊರ್ಡೋವಾದ ಸಾಲ್ಮೊರೆಹೊಗೆ ಕೆಂಪು ಬಣ್ಣ ಕೊಟ್ಟ ಟೊಮೆಟೊ ಅಮೆರಿಕದಿಂದ ಬಂದದ್ದು. ಅದಕ್ಕೂ ಹಿಂದಿನದು ಬಾದಾಮಿ, ಬ್ರೆಡ್ಡು, ಬೆಳ್ಳುಳ್ಳಿ ಅರೆದ ಬಿಳಿಯ ‘ಮಸಾಮೊರ್ರಾ’. ಕೆಲವು ತಾಬೆರ್ನಾಗಳಲ್ಲಿ ಅದನ್ನು ಈಗಲೂ ಬಡಿಸುತ್ತಾರೆ. ಕೆಂಪು ಸಾಲ್ಮೊರೆಹೊದ ಮೇಲೆ ಮಾತ್ರ ಬೇಯಿಸಿದ ಮೊಟ್ಟೆಯ ಜೊತೆಗೆ ಹಂದಿ ತೊಡೆಯ ಚೂರುಗಳನ್ನು ಉದುರಿಸುವುದು ಪದ್ಧತಿ. ನಮ್ಮಂಥವರು ಹೇಳಿ ತೆಗೆಸಬೇಕು. ಮಾಂಸವಿಲ್ಲದ್ದು ಕೊಡಿ ಎಂದರೆ ಸಾಲದು. ಆ ಚೂರುಗಳು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ, ಕೊತ್ತಂಬರಿ ಸೊಪ್ಪಿನಂತೆ ಮೇಲೆ ಉದುರಿಸುವ ಒಂದು ವಸ್ತು! ‘ಹಾಮೋನ್ ಬೇಡ’ ಎಂದು ಬಿಡಿಸಿ ಹೇಳಿದರೆ ಬೇಸರವಿಲ್ಲದೆ ಬೇರೆ ಬಟ್ಟಲು ತರುತ್ತಾರೆ. ಐನೂರು ವರ್ಷಗಳ ಹಿಂದೆ ಇದೇ ಓಣಿಯಲ್ಲಿ ಆ ಎರಡು ಶಬ್ದಗಳಿಗೆ ತೆರಬೇಕಾಗಿದ್ದ ಬೆಲೆ ಬೇರೆ.

ಅಡುಗೆ ಮನೆಯೊಳಗೆ ಇಣುಕಿದ ಆ ಕಣ್ಣು ನಮ್ಮ ಕರಾವಳಿಗೂ ಬಂದಿತ್ತು. ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾವನ್ನು ಕಸಿದುಕೊಂಡರು; ಬ್ರಿಂಜಾಲ್ ಪದ ತಂದ ಅದೇ ಜನ 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ನನ್ನೂ ಸ್ಥಾಪಿಸಿದರು. 1736ರಲ್ಲಿ ಅದು ಹೊರಡಿಸಿದ ಆಜ್ಞೆಯಲ್ಲಿ, ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸಿ ಆಮೇಲೆ ಉಪ್ಪು ಬೆರೆಸುವುದನ್ನು ಅಲ್ಲಿನ ಕ್ರೈಸ್ತರಿಗೆ ನಿಷೇಧಿಸಲಾಯಿತು. ಅಂಗಳದ ತುಳಸಿ ಗಿಡಕ್ಕೂ ನಿಷೇಧ. ಉಪ್ಪನ್ನು ಅನ್ನಕ್ಕೆ ಮೊದಲು ಹಾಕುತ್ತಾಳೋ ಆಮೇಲೆ ಹಾಕುತ್ತಾಳೋ ಎಂಬುದರ ಮೇಲೆ ಒಬ್ಬ ಹೆಂಗಸಿನ ವಿಶ್ವಾಸವನ್ನು ಅಳೆಯುವ ನ್ಯಾಯಾಲಯ 1812ರವರೆಗೂ ಗೋವಾದಲ್ಲಿತ್ತು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಪೂರ್ವಿಕರು ಗೋವಾ ಬಿಟ್ಟು ದಕ್ಷಿಣಕ್ಕೆ ಬರಲು ಬರಗಾಲ, ಯುದ್ಧಗಳು ಹೇಗೆ ಕಾರಣವೋ ಈ ನ್ಯಾಯಾಲಯವೂ ಹಾಗೆಯೇ ಒಂದು ಕಾರಣ. ಆದ್ದರಿಂದ ಇದು ಮುಸ್ಲಿಮರು ಮತ್ತು ಕ್ರೈಸ್ತರ ನಡುವಿನ ಕತೆಯೆಂದು ತಿಳಿಯಬೇಕಾಗಿಲ್ಲ. ಪಕ್ಕದ ಮನೆಯ ಪಾತ್ರೆಯ ಮುಚ್ಚಳ ತೆಗೆದು ನೋಡುವ ಅಧಿಕಾರ ಸಿಕ್ಕಿದವರ ಕತೆ ಇದು. ಆ ಅಧಿಕಾರ ಯಾರ ಕೈಗೂ ಸಿಗಬಹುದು.

ಸ್ಪೇನಿನ ಇನ್‌ಕ್ವಿಸಿಷನ್ 1834ರಲ್ಲಿ ರದ್ದಾಯಿತು. 1992ರಲ್ಲಿ, ಗ್ರಾನಡಾ ಶರಣಾಗಿ ಸರಿಯಾಗಿ ಐನೂರು ವರ್ಷಗಳಾದಾಗ, ಸ್ಪೇನ್ ಸರಕಾರ ಅಲ್ಲಿನ ಮುಸ್ಲಿಮ್ ಸಂಘಟನೆಗಳೊಂದಿಗೆ ಮಾಡಿಕೊಂಡ ಒಪ್ಪಂದ ಕಾನೂನಾಯಿತು. ಹಲಾಲ್ ಆಹಾರಕ್ಕೆ ಅದರಲ್ಲಿ ಮಾನ್ಯತೆಯಿದೆ. ಸ್ಪೇನಿನ ಪ್ರಮುಖ ಹಲಾಲ್ ಪ್ರಮಾಣಪತ್ರ ಸಂಸ್ಥೆಯೊಂದು ಹುಟ್ಟಿದ್ದು ಕೊರ್ಡೋವಾದಲ್ಲಿಯೇ. ಮಸೀದಿಯ ಸಮೀಪದ ಹೋಟೆಲೊಂದು ಕಳೆದ ಶತಮಾನದ ಉತ್ತರಾರ್ಧದಲ್ಲಿ ಹಳೆಯ ಅಂದಲೂಸಿ, ಯಹೂದಿ ಅಡುಗೆಗಳನ್ನು ಹುಡುಕಿ ತೆಗೆದು, ಜೇನು ಹಾಕಿದ ಕುರಿಮಾಂಸದಂಥ ಪದಾರ್ಥಗಳಿಂದ ಹೆಸರು ಮಾಡಿತು. ಅದನ್ನು ನೋಡಿ ಬೇರೆಯವರೂ ಕಲಿತರು. ಪ್ರವಾಸಿಗರ ದುಡ್ಡಿಗಾಗಿ ಎಂದು ಮೂಗು ಮುರಿಯುವವರಿದ್ದಾರೆ. ಇರಲಿ, ದುಡ್ಡಿಗಾಗಿಯಾದರೂ ನೆನಪಾಯಿತಲ್ಲ. 2015ರಲ್ಲಿ ಸ್ಪೇನ್ ಇನ್ನೊಂದು ಕಾನೂನು ಮಾಡಿತು. ಅಂದು ಹೊರಗಟ್ಟಲ್ಪಟ್ಟ ಯಹೂದಿಯರ ವಂಶಜರು ಅರ್ಜಿ ಹಾಕಿ ಪೌರತ್ವ ಪಡೆಯಬಹುದಾಗಿತ್ತು. 2019ರವರೆಗೆ ಅರ್ಜಿ ಸ್ವೀಕರಿಸಿದರು. ಮೊರಿಸ್ಕೊಗಳ ವಂಶಜರಿಗೆ ಅಂಥ ಕಾನೂನು ಆಗಲಿಲ್ಲ.

ಆ ವಂಶಜರು ಮೊರೊಕ್ಕೊ, ಅಲ್ಜೀರಿಯಾ, ಟ್ಯುನೀಶಿಯಾಗಳಲ್ಲಿದ್ದಾರೆ. ಮೊರೊಕ್ಕೊದ ರಬಾತ್‌ನಲ್ಲಿ ‘ಬರ್ಗಾಶ್’ ಎಂಬ ಮನೆತನದ ಹೆಸರು ಸ್ಪೇನಿನ ‘ವರ್ಗಾಸ್’. ಟ್ಯುನೀಶಿಯಾದ ತಸ್ತೂರ್ ಎಂಬ ಊರನ್ನು ಕಟ್ಟಿದವರೇ ಗಡೀಪಾರಾಗಿ ಬಂದ ಮೊರಿಸ್ಕೊಗಳು. ಅಲ್ಲಿನ ಜುಮಾ ಮಸೀದಿಯ ಮಿನಾರದಲ್ಲಿ ಅಂಕಿಗಳು ತಿರುವುಮುರುವಾಗಿರುವ ಗಡಿಯಾರವಿದೆ. ಇಬ್ನ್ ರಝೀನರು 1293ರಲ್ಲಿ ತೀರಿಕೊಂಡ ಟ್ಯೂನಿಸ್ ನಗರಕ್ಕೆ, ಮೂರು ಶತಮಾನಗಳ ಬಳಿಕ ಈ ಜನ ಬಂದು ಸೇರಿದರು. ಅಷ್ಟು ಹೊತ್ತಿಗೆ ಅವರಲ್ಲಿ ಅನೇಕರಿಗೆ ಅರಬಿ ಮರೆತುಹೋಗಿತ್ತು, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತಿದ್ದರು. ಒಳಗೆ ಮಾಂಸ ತುಂಬಿ ಮಾಡುವ ಒಂದು ತಿನಿಸಿಗೆ ಟ್ಯುನೀಶಿಯಾದಲ್ಲಿ ‘ಬನಾದಿಜ್’ ಎನ್ನುತ್ತಾರೆ. ಅದು ಅರಬಿ ಪದವಲ್ಲ, ಸ್ಪೇನಿನ ‘ಎಂಪನಾದಾ’.